ಸದಾರಮೆಯನ್ನು ಕೇಳಿದವರು ಯಾರು?

ಕನ್ನಡ ಚಲನಚಿತ್ರವು ಮಾತನಾಡಲು ಕಲಿತದ್ದು 1934ರಲ್ಲಿ. ಆ ವರ್ಷ ಬಂದ ‘ಸತಿ ಸುಲೋಚನ’ ಮತ್ತು ‘ಭಕ್ತ ಧ್ರುವ’ ಚಿತ್ರಗಳೆರಡೂ ಪುರಾಣಕ್ಕೆ ಸಂಬಂಧಿಸಿದವು. ‘ಸತಿ ಸುಲೋಚನ’ಕ್ಕೆ ಮಾತು ಮತ್ತು ಹಾಡುಗಳನ್ನು ಬರೆದವರು ಬೆಳ್ಳಾವೆ ನರಹರಿಶಾಸ್ತ್ರಿಗಳು. ತುಮಕೂರು ತಾಲ್ಲೂಕಿನ ಊರೊಂದನ್ನು ಹೆಸರಿನಲ್ಲಿಯೇ ಹೊತ್ತಿದ್ದ ಈ ನಾಟಕಕಾರರು ಗುಬ್ಬಿ ಕಂಪನಿಗೂ ನಾಟಕಗಳನ್ನು ರಚಿಸಿಕೊಟ್ಟವರು. ಮರುವರ್ಷ, ಎಂದರೆ 1935ರಲ್ಲಿ, ಬೆಳ್ಳಿತೆರೆಯ ಮೇಲೆ ದೇವತೆಗಳೂ ರಾಕ್ಷಸರೂ ಸ್ವಲ್ಪ ಪಕ್ಕಕ್ಕೆ ಸರಿದು, ಒಬ್ಬ ರಾಜಕುಮಾರ, ಒಬ್ಬ ವರ್ತಕನ ಮಗಳು ಹಾಗೂ ಒಬ್ಬ ಕಳ್ಳ ಕಾಣಿಸಿಕೊಂಡರು. ಆ ಚಿತ್ರವೇ ‘ಸದಾರಮೆ’. ರಾಜಾ ಚಂದ್ರಶೇಖರ್ ಅವರು ನಿರ್ದೇಶಿಸಿದ ಈ ಚಿತ್ರದಲ್ಲಿ ಗುಬ್ಬಿ ವೀರಣ್ಣನವರು, ಕೆ. ಅಶ್ವತ್ಥಮ್ಮನವರು ಹಾಗೂ ಮುರಾರಾಚಾರ್ ಅವರು ಅಭಿನಯಿಸಿದ್ದರು.

ಮದುವೆಯ ಗೊಂದಲವನ್ನೇ ಬಂಡವಾಳವಾಗಿಸಿಕೊಂಡು ನಗಿಸುವ ಚಿತ್ರಗಳು ಆಮೇಲೆ ಕನ್ನಡದಲ್ಲಿ ಎಷ್ಟೋ ಬಂದಿವೆ. ಅವುಗಳ ಹಿರಿಯಕ್ಕನನ್ನು ಹುಡುಕುತ್ತ ಹೊರಟರೆ ನಾವು ತುಮಕೂರಿನಿಂದ ಸುಮಾರು 20 ಕಿಲೋಮೀಟರ್ ದೂರದ ಗುಬ್ಬಿಗೆ, ಅಲ್ಲಿನ ಜಾತ್ರೆಯ ಬಯಲಿಗೆ ಬಂದು ನಿಲ್ಲುತ್ತೇವೆ.

ಗುಬ್ಬಿಯ ಆರಾಧ್ಯದೈವ ಚನ್ನಬಸವೇಶ್ವರನ ಹೆಸರಿನಲ್ಲಿ, ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘವು 1884ರಲ್ಲಿ ಆರಂಭವಾಯಿತು. ಅದನ್ನು ಕಟ್ಟಿದವರಲ್ಲಿ ಚಂದಣ್ಣನವರೂ ಇದ್ದರು, ಅಬ್ದುಲ್ ಅಜೀಜ್ ಸಾಹೇಬರೂ ಇದ್ದರು. 1891ರಲ್ಲಿ ಜನಿಸಿದ ವೀರಣ್ಣನವರು ಎಳೆಯ ಬಾಲಕರಾಗಿದ್ದಾಗಲೇ ಈ ಸಂಘವನ್ನು ಸೇರಿ, ಮುಂದೆ ಅದರ ಒಡೆಯರಾಗಿ, ಗುಬ್ಬಿ ಎಂಬ ಊರಿನ ಹೆಸರನ್ನು ನಾಟಕಕ್ಕೆ ಪರ್ಯಾಯಪದವೆಂಬಂತೆ ಮಾಡಿದರು. ತಮ್ಮ ಆತ್ಮಕಥೆಗೆ ಅವರು ಇಟ್ಟ ಹೆಸರು ‘ಕಲೆಯೇ ಕಾಯಕ’. ಪದ್ಮಶ್ರೀ ಪ್ರಶಸ್ತಿ ಬಂದ 1972ರಲ್ಲಿಯೇ, ಅಕ್ಟೋಬರ್ 18ರಂದು ಅವರು ಲಿಂಗೈಕ್ಯರಾದರು. ಇವೆಲ್ಲ ನಮ್ಮ ಜಿಲ್ಲೆಯ ವಾಚಕರು ಬಲ್ಲ ಸಂಗತಿಗಳೇ ಆದ್ದರಿಂದ ಹೆಚ್ಚು ವಿಸ್ತರಿಸುವುದಿಲ್ಲ.

‘ಸದಾರಮೆ’ಯ ಕಥೆಯನ್ನು ಮಾತ್ರ ಇಂದಿನ ಮಕ್ಕಳಿಗೆ ಹೇಳಲೇಬೇಕಾಗಿದೆ. ರಾಜಕುಮಾರ ಜಯವೀರನು ವರ್ತಕನ ಮಗಳಾದ ಸದಾರಮೆಯಲ್ಲಿ ಅನುರಕ್ತನಾಗುತ್ತಾನೆ. ಹೆಣ್ಣು ಕೇಳಲು ಬಂದವರು ಅರಮನೆಯವರೆಂದು ತಿಳಿದದ್ದೇ ತಡ, ವರ್ತಕನ ವ್ಯಾಪಾರಬುದ್ಧಿ ಎಚ್ಚರಗೊಳ್ಳುತ್ತದೆ. ಮಗಳು ಬೇಕಾದರೆ ರಾಜ್ಯವನ್ನೇ ಬಿಟ್ಟುಕೊಡಿ ಎನ್ನುತ್ತಾನೆ. ಅವನ ಮಗ ಆದಿಮೂರ್ತಿಯೋ, ತಕ್ಕಡಿ ಹಿಡಿಯುವುದಕ್ಕೂ ಬಾರದ ಪೆದ್ದ. ಅಂಥವನ ಪಾಲಿಗೆ ಸಿಂಹಾಸನ! ಮಗನ ಮೇಲಿನ ಮಮತೆಯಿಂದ ಅರಸನು ಒಪ್ಪುತ್ತಾನೆ, ಮದುವೆ ನಡೆಯುತ್ತದೆ, ರಾಜ್ಯವಿದ್ದವರು ಬೀದಿಗೆ ಬರುತ್ತಾರೆ. ಬಡತನ, ಅಗಲಿಕೆ, ಅಲೆದಾಟ ಎಲ್ಲವೂ ಒಂದರ ಹಿಂದೆ ಒಂದು ಬರುತ್ತವೆ. ದಾರಿಯಲ್ಲಿ ಒಬ್ಬ ಕಳ್ಳನು ಸದಾರಮೆಯನ್ನು ಕಂಡು, ಈಕೆ ತನ್ನ ಹೆಂಡತಿಯೇ ಆಗಿಬಿಟ್ಟಳೆಂದು ತಾನೇ ತೀರ್ಮಾನಿಸಿಕೊಳ್ಳುತ್ತಾನೆ. ಅವಳು ಅಳುವುದಿಲ್ಲ, ಮೂರ್ಛೆ ಹೋಗುವುದೂ ಇಲ್ಲ. ನಯವಾದ ಮಾತಿನಿಂದಲೇ ಅವನನ್ನು ಮರುಳುಗೊಳಿಸಿ ಪಾರಾಗುತ್ತಾಳೆ. ಮುಂದೆ ಗಂಡುವೇಷ ತೊಟ್ಟು, ತನ್ನ ಸಂಸಾರವನ್ನು ತನ್ನ ಬುದ್ಧಿಯಿಂದಲೇ ಮರಳಿ ಸಂಪಾದಿಸುತ್ತಾಳೆ.

ಈ ಕಥೆ ಕನ್ನಡಕ್ಕೆ ಮಾತ್ರ ಸೇರಿದ್ದಲ್ಲ. ತಮಿಳು ರಂಗಭೂಮಿಯಲ್ಲಿಯೂ ಇದು ಬಹಳ ಜನಪ್ರಿಯವಾಗಿತ್ತು. ಕೇರಳದಲ್ಲಿ ಕೆ.ಸಿ. ಕೇಶವ ಪಿಳ್ಳೆಯವರು ಇದನ್ನೇ ಮಲಯಾಳದ ಸಂಗೀತ ನಾಟಕವಾಗಿಸಿದರು. ಕನ್ನಡದಲ್ಲಿ 1956ರಲ್ಲಿ ಕು.ರ.ಸೀ. ಅವರ ನಿರ್ದೇಶನದಲ್ಲಿ, ಕಲ್ಯಾಣಕುಮಾರ್ ಮತ್ತು ಸಾಹುಕಾರ್ ಜಾನಕಿ ಅವರ ಅಭಿನಯದಲ್ಲಿ ಅದು ಮತ್ತೊಮ್ಮೆ ಚಿತ್ರವಾಯಿತು. ಆದರೆ ನಮ್ಮ ಸೀಮೆಯ ಹಿರಿಯರ ಬಾಯಲ್ಲಿ ‘ಸದಾರಮೆ’ ಎಂದರೆ ಗುಬ್ಬಿ ಕಂಪನಿಯ ‘ಸದಾರಮೆ’, ಅದರಲ್ಲಿಯೂ ವೀರಣ್ಣನವರ ಕಳ್ಳ.

ಒಂದು ಸ್ವಾರಸ್ಯವನ್ನು ಇಲ್ಲಿ ಹೇಳಬೇಕು. ಕಂಪನಿ ನಾಟಕಗಳ ಆರಂಭದ ದಿನಗಳಲ್ಲಿ ಸ್ತ್ರೀಪಾತ್ರಗಳನ್ನು ಗಂಡಸರೇ ಮಾಡುತ್ತಿದ್ದರು. ಹಾಗಿರುವಾಗ ಸದಾರಮೆ ಗಂಡುವೇಷ ತೊಡುವ ದೃಶ್ಯ ಬಂದರೆ, ಗಂಡಸೊಬ್ಬ ಹೆಣ್ಣಾಗಿ, ಆ ಹೆಣ್ಣು ಮರಳಿ ಗಂಡಾಗಿ ನಿಲ್ಲಬೇಕಾಗಿತ್ತು! ಮುನ್ನೂರು ವರ್ಷಗಳ ಹಿಂದೆ ಷೇಕ್ಸ್‌ಪಿಯರನ ‘ಟ್ವೆಲ್ತ್ ನೈಟ್’ ನಾಟಕದ ವಯೋಲಾಳಿಗೂ ಲಂಡನ್ನಿನಲ್ಲಿ ಇದೇ ಪಾಡು. ಅಲ್ಲಿಯೂ ಹುಡುಗನೇ ಹುಡುಗಿಯಾಗಿ, ಆ ಹುಡುಗಿಯೇ ಹುಡುಗನಾಗುತ್ತಿದ್ದಳು. ಸ್ತ್ರೀಯರನ್ನು ಗೌರವದಿಂದ ರಂಗಕ್ಕೆ ಕರೆತಂದವರಲ್ಲಿ ವೀರಣ್ಣನವರು ಪ್ರಮುಖರು. ಬಿ. ಜಯಮ್ಮ, ಅಶ್ವತ್ಥಮ್ಮ ಮೊದಲಾದವರು ಬಂದ ಮೇಲೆ ಈ ಗೊಂದಲದ ಒಂದು ಸುತ್ತು ಕಡಿಮೆಯಾಯಿತು. ಅದಕ್ಕಿಂತ ಮಿಗಿಲಾಗಿ, ಕಳ್ಳನಿಗೆ ಎದುರಾಡುವ ಹೆಣ್ಣಿನ ದನಿ ನಿಜವಾದ ಹೆಣ್ಣಿನ ದನಿಯೇ ಆಯಿತು. ಜಾತ್ರೆಗೆ ಬಂದ ಹೆಂಗಸರಿಗೆ ಇದು ಸಣ್ಣ ಸಂಗತಿಯಾಗಿರಲಿಲ್ಲ.

ಅದು ನನಗೆ ತಿಳಿದದ್ದು ನಮ್ಮ ಅಜ್ಜಿಯಿಂದ.

ಅಜ್ಜಿಯ ತವರು ಗುಬ್ಬಿಯ ಬಳಿಯ ಒಂದು ಹಳ್ಳಿ. ಕೊಟ್ಟದ್ದು ಕುಣಿಗಲ್ ಸೀಮೆಗೆ, ಎಡೆಯೂರಿನ ಕಡೆಯ ಒಂದು ಮನೆಗೆ. ಗಂಡಿನ ಕಡೆಯವರು ಬಂದ ದಿನ ಜಗಲಿಯ ಮೇಲೆ ಐದಾರು ಜನ ಕುಳಿತಿದ್ದರಂತೆ. ಅಡಿಗೆಮನೆಯ ಬಾಗಿಲ ಸಂದಿನಿಂದ ಇಣುಕಿದ ಹುಡುಗಿಗೆ, ಎತ್ತರದ ನಿಲುವಿನ, ಜರತಾರಿ ಅಂಚಿನ ರುಮಾಲು ಸುತ್ತಿದ, ಎಲ್ಲರಿಗಿಂತ ಗಟ್ಟಿಯಾಗಿ ಮಾತನಾಡುತ್ತಿದ್ದ ಒಬ್ಬರು ಕಂಡರು. ಇವರೇ ಇರಬೇಕು ಎಂದುಕೊಂಡು ಮೂರು ತಿಂಗಳು ಆ ರುಮಾಲನ್ನೇ ಧ್ಯಾನಿಸಿದ್ದಾಯಿತು. ಲಗ್ನದ ದಿನ ಹಂದರದಲ್ಲಿ ತಲೆ ಎತ್ತಿ ನೋಡಿದರೆ, ಪಕ್ಕದಲ್ಲಿ ಬೇರೊಬ್ಬರು! ಜರತಾರಿ ರುಮಾಲಿನವರು ಎದುರಿಗೆ ನಿಂತು ಬೀಗರಿಗೆ ವೀಳ್ಯ ಹಂಚುತ್ತಿದ್ದಾರೆ. ಅವರು ಮದುಮಗನ ಅಕ್ಕನ ಗಂಡ, ಮಾತುಕತೆ ಕುದುರಿಸಲು ಬಂದಿದ್ದ ಭಾವ. ಮದುಮಗ ಅಂದು ಜಗಲಿಯ ಕಂಬದ ಮರೆಯಲ್ಲಿ ಕುಳಿತಿದ್ದವರು, ನಮ್ಮ ಅಜ್ಜ.

ಈ ಪ್ರಸಂಗವನ್ನು ಅಜ್ಜಿ ನೂರು ಬಾರಿಯಾದರೂ ಹೇಳಿರಬಹುದು. ಪ್ರತಿ ಬಾರಿಯೂ ನಾವು ನಕ್ಕಿದ್ದೇವೆ, ಅಜ್ಜನವರೂ ಮೀಸೆಯ ಮರೆಯಲ್ಲಿ ನಗುತ್ತಿದ್ದರು. ಅವರ ದಾಂಪತ್ಯ ಐವತ್ತು ವರ್ಷಗಳಿಗೂ ಮೀರಿ ಚೆನ್ನಾಗಿಯೇ ನಡೆಯಿತು. ಆದರೆ ಒಂದು ರಾತ್ರಿ, ನಾನು ಕಾಲೇಜಿನಲ್ಲಿ ಓದುತ್ತಿದ್ದ ಕಾಲ, ತುಂಟತನದಿಂದ ಕೇಳಿದೆ: “ಅಜ್ಜಿ, ಮೊದಲೇ ಗೊತ್ತಾಗಿದ್ದರೆ ಒಲ್ಲೆ ಅಂತಿದ್ದಿರಾ?” ಅಜ್ಜಿ ಬತ್ತಿ ಹೊಸೆಯುತ್ತಿದ್ದರು. ಕೈ ನಿಲ್ಲಿಸದೆ ಹೇಳಿದರು: “ಒಲ್ಲೆ ಅನ್ನೋಕೆ, ಹೂಂ ಅನ್ನೋಕೆ ಯಾರಪ್ಪ ಕೇಳಿದ್ರು ನನ್ನ?” ಸ್ವಲ್ಪ ತಡೆದು, “ಸದಾರಮೆಯನ್ನೂ ಯಾರೂ ಕೇಳಲಿಲ್ಲ. ಅವಳ ಅಪ್ಪ ರಾಜ್ಯ ಕೇಳಿದ, ಕಳ್ಳ ಅವಳನ್ನೇ ಕೇಳಿದ. ಅದಕ್ಕೇ ಅವನಿಗೆ ಅವಳು ಉತ್ತರ ಕೊಟ್ಟಳು” ಎಂದರು.

ನಾನು ನಾಟಕವನ್ನು ಕುರಿತು ಓದಿರುವ ಯಾವ ವಿಮರ್ಶೆಯಲ್ಲಿಯೂ ಈ ಮಾತನ್ನು ಕಂಡಿಲ್ಲ. ನಿಜವಲ್ಲವೇ? ಕಥೆಯಲ್ಲಿ ಹೆಣ್ಣಿನ ಮುಂದೆ ನಿಂತು, ಎಷ್ಟೇ ಒರಟಾಗಿಯಾದರೂ, ‘ನೀನು ನನಗೆ ಹೆಂಡತಿಯಾಗುವೆಯಾ’ ಎಂದು ನೇರವಾಗಿ ಕೇಳುವವನು ಕಳ್ಳನೊಬ್ಬನೇ. ಅವನ ಉದ್ದೇಶ ಕೆಟ್ಟದ್ದು, ಕೇಳುವ ರೀತಿ ಹಾಸ್ಯಾಸ್ಪದ. ಆದರೂ ಅವಳ ಬಾಯಿಂದ ಒಂದು ಉತ್ತರ ಬರಲು ಅಲ್ಲಿ ಮೊದಲ ಬಾರಿಗೆ ಜಾಗ ಸಿಗುತ್ತದೆ. ಆ ಜಾಗವನ್ನು ಅವಳು ಎಷ್ಟು ಜಾಣತನದಿಂದ ಬಳಸಿಕೊಳ್ಳುತ್ತಾಳೆಂದರೆ, ಗ್ಯಾಸ್‌ಲೈಟಿನ ಬೆಳಕಿನಲ್ಲಿ ನೆಲದ ಮೇಲೆ ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತ ಹೆಂಗಸರು ‘ಒನ್ಸ್ ಮೋರ್’ ಎಂದು ಕೂಗಲಾರದೆ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರಂತೆ. ಮುಖ ನೋಡದೆ ಮದುವೆಯಾಗಿ ಬಂದವರ ನಗು ಅದು.

ವರ್ತಕನ ಚೌಕಾಸಿಯೂ ಅವರಿಗೆ ಹೊಸದೇನಲ್ಲ. ಹಿಂದಿನ ಮೈಸೂರು ಸೀಮೆಯ ಅನೇಕ ಸಮುದಾಯಗಳಲ್ಲಿ ಗಂಡಿನ ಕಡೆಯವರು ಹೆಣ್ಣಿನ ಮನೆಗೆ ‘ತೆರ’ ಕೊಡುವ ಪದ್ಧತಿಯಿತ್ತು. ಎಂ.ಎನ್. ಶ್ರೀನಿವಾಸ್ ಅವರು ಮೈಸೂರು ಸೀಮೆಯ ಮದುವೆ ಮತ್ತು ಕುಟುಂಬಗಳನ್ನು ಕುರಿತು 1942ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಗ್ರಂಥದಲ್ಲಿ ಇದರ ವಿಚಾರವಿದೆ. ಸದಾರಮೆಯ ತಂದೆ ಕೇಳಿದ್ದು ಆ ತೆರವನ್ನೇ, ರಾಜ್ಯದ ಗಾತ್ರಕ್ಕೆ ಹಿಗ್ಗಿಸಿ. ಕಾಲ ತಿರುಗಿತು. ತೆರ ಹೋಗಿ, ವರದಕ್ಷಿಣೆ ಬಂದಿತು. ತಕ್ಕಡಿ ಅದೇ, ತಟ್ಟೆ ಮಾತ್ರ ಆಚೆಯದು. 1961ರಲ್ಲಿ ವರದಕ್ಷಿಣೆ ನಿಷೇಧ ಕಾಯಿದೆ ಬಂದರೂ ಅದು ‘ಹುಡುಗನ ಓದಿನ ಖರ್ಚು’, ‘ಸೈಟು’, ‘ಕಾರು’ ಎಂಬ ಗೌರವಾನ್ವಿತ ಹೆಸರುಗಳಲ್ಲಿ ನಮ್ಮ ಸಮಾಜದ ಮನೆಗಳಲ್ಲಿಯೂ ಉಳಿದುಕೊಂಡಿತೆಂಬುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಚಿತ್ರರಂಗವೂ ಈ ಬದಲಾವಣೆಯನ್ನು ಹಿಂಬಾಲಿಸಿತು. 1965ರ ‘ಮದುವೆ ಮಾಡಿ ನೋಡು’ ಚಿತ್ರದಲ್ಲಿ ಡಾ. ರಾಜ್‌ಕುಮಾರ್ ಅವರು ನಾಯಕರು. ಅಲ್ಲಿ ನಗೆಗೂ ಗೋಳಿಗೂ ಮೂಲ ಹಣ ಕೇಳುವ ಬೀಗರು. ರಾಜ್‌ಕುಮಾರ್ ಅವರೂ ನಮ್ಮ ತಿಪಟೂರಿನ ನರಸಿಂಹರಾಜು ಅವರೂ ಗುಬ್ಬಿ ಕಂಪನಿಯಲ್ಲಿ ಪಳಗಿದವರೇ, 1954ರ ‘ಬೇಡರ ಕಣ್ಣಪ್ಪ’ದಿಂದ ಚಿತ್ರಗಳಲ್ಲಿ ನೆಲೆಗೊಂಡವರೇ. ನರಸಿಂಹರಾಜು ಅವರ ಹಾಸ್ಯದಲ್ಲಿ ಆದಿಮೂರ್ತಿಯ ಪೆದ್ದುತನ ಮತ್ತು ಕಳ್ಳನ ಚುರುಕು ಎರಡೂ ಬೆರೆತಿದ್ದುವೆಂದು ನನಗನ್ನಿಸುತ್ತದೆ. ಕುಣಿಗಲ್ಲಿನ ಹೆಸರನ್ನು ಹಾಸ್ಯಕ್ಕೆ ಅಂಟಿಸಿದವರು ನಟರೂ ಸಂಭಾಷಣೆಕಾರರೂ ಆಗಿದ್ದ ಕುಣಿಗಲ್ ನಾಗಭೂಷಣ್. 1990ರಲ್ಲಿ ಫಣಿ ರಾಮಚಂದ್ರ ಅವರ ‘ಗಣೇಶನ ಮದುವೆ’ ಬಂದಾಗ ಗೊಂದಲ ಮತ್ತೊಂದು ರೂಪ ತಳೆದಿತ್ತು. ಒಂದೇ ವಠಾರದಲ್ಲಿದ್ದು ದಿನವೂ ಜಗಳವಾಡುವ ಅನಂತನಾಗ್ ಮತ್ತು ವಿನಯಾ ಪ್ರಸಾದ್ ಅವರ ಪಾತ್ರಗಳು ಬೇರೆ ಹೆಸರುಗಳ ಮರೆಯಲ್ಲಿ, ಕಾಗದಗಳ ಮೂಲಕ ಪರಸ್ಪರ ಮನಸೋಲುತ್ತವೆ. ಅಲ್ಲಿ ಮುಖ ಗೊತ್ತು, ಮನಸ್ಸು ಗೊತ್ತಿಲ್ಲ. ನಮ್ಮ ಅಜ್ಜಿಗೆ ಎರಡೂ ಗೊತ್ತಿರಲಿಲ್ಲ. ಹೀಗಿದ್ದರೂ ಟಿ.ವಿ.ಯಲ್ಲಿ ಆ ಚಿತ್ರ ಬಂದಾಗಲೆಲ್ಲ ಕಣ್ಣು ಕಿರಿದು ಮಾಡಿಕೊಂಡು ಕೊನೆಯವರೆಗೂ ನೋಡುತ್ತಿದ್ದರು. “ಇವರಿಬ್ಬರೂ ಚೆನ್ನಾಗಿ ಜಗಳ ಆಡ್ತಾರೆ, ಬಾಳ್ವೆ ಮಾಡ್ತಾರೆ ಬಿಡು” ಎಂಬುದು ಅವರ ತೀರ್ಪು.

‘ಸದಾರಮೆ’ಯ ವಿಷಯದಲ್ಲಿ ಮತ್ತೂ ಒಂದು ಸಂಗತಿಯನ್ನು ಅಜ್ಜಿ ಕೇಳಿದ್ದರೆ ಬಹಳ ಸಂತೋಷಪಡುತ್ತಿದ್ದರು. ವೀರಣ್ಣನವರ ಮೊಮ್ಮಗಳಾದ ಬಿ. ಜಯಶ್ರೀ ಅವರು ಈ ನಾಟಕವನ್ನು ಮತ್ತೆ ರಂಗಕ್ಕೆ ತಂದಾಗ, ತಾತನವರು ಖ್ಯಾತಿಗೊಳಿಸಿದ ಕಳ್ಳನ ಪಾತ್ರವನ್ನು ತಾವೇ ವಹಿಸಿದರು. ಗಂಡಸರು ಸದಾರಮೆಯಾಗುತ್ತಿದ್ದ ರಂಗದಲ್ಲಿ ಹೆಣ್ಣುಮಗಳೊಬ್ಬಳು ಕಳ್ಳನಾದಳು. 1884ರಲ್ಲಿ ಗುಬ್ಬಿಯಲ್ಲಿ ಮೊದಲ ಪರದೆ ಕಟ್ಟಿದವರು ಇದನ್ನು ಊಹಿಸಿರಲಾರರು.

ಕಳೆದ ಮಾಘಮಾಸದಲ್ಲಿ ತುಮಕೂರಿನ ನಮ್ಮ ಮನೆಗೆ, ತಮ್ಮನ ಮಗಳನ್ನು ನೋಡಲು ಕುಣಿಗಲ್ ಕಡೆಯಿಂದಲೇ ಗಂಡಿನವರು ಬಂದಿದ್ದರು. ಈಗಿನ ಕಾಲ, ಹುಡುಗನ ಭಾವಚಿತ್ರ ಮೊದಲೇ ಮೊಬೈಲಿಗೆ ಬಂದಿತ್ತಾದ್ದರಿಂದ ಗುರುತು ತಪ್ಪುವ ಭಯವಿರಲಿಲ್ಲ. ಆದರೂ ಹುಡುಗನ ಸೋದರಮಾವ ಎತ್ತರದ ಆಳು, ಸೋಫಾದ ಮಧ್ಯದಲ್ಲಿ ಕುಳಿತು ಎಲ್ಲರ ಪರವಾಗಿ ಮಾತನಾಡುತ್ತಿದ್ದರು. ನಾನು ತಡೆಯಲಾರದೆ ಜರತಾರಿ ರುಮಾಲಿನ ಕಥೆಯನ್ನು ಹೇಳಿದೆ. ಮೊದಲು ನಕ್ಕವರು ಅವರೇ. ಅಷ್ಟರಲ್ಲಿ ಕಾಫಿ ತಂದ ಹುಡುಗಿ ಲೋಟಗಳನ್ನು ಕೊಟ್ಟು, ಯಾರ ಅಪ್ಪಣೆಗೂ ಕಾಯದೆ ಹುಡುಗನನ್ನು ಕರೆದುಕೊಂಡು ಮಹಡಿಯ ಮೇಲೆ ಹೋದಳು. ಮುಕ್ಕಾಲು ಗಂಟೆ ಕಳೆಯಿತು. ಕೆಳಗೆ ಹಿರಿಯರಾದ ನಾವು ಕೊಬ್ಬರಿ ಧಾರಣೆಯನ್ನು, ಹೇಮಾವತಿ ನಾಲೆಯ ನೀರನ್ನು, ಹುಡುಗನ ಅಜ್ಜಿಯ ಮಂಡಿನೋವನ್ನು ಮಾತನಾಡಿ ಮುಗಿಸಿದೆವು. ಇಬ್ಬರೂ ಇಳಿದು ಬಂದಾಗ ಮುಖಗಳಿಂದ ಏನನ್ನೂ ಓದಲಾಗಲಿಲ್ಲ. ಅವಳ ಅಪ್ಪ ಗಂಟಲು ಸರಿಪಡಿಸಿಕೊಂಡು, “ಏನಮ್ಮಾ?” ಎಂದ.

“ಗುರುವಾರ ಹೇಳ್ತೀನಿ ಅಪ್ಪಾಜಿ” ಎಂದು ಅವಳು ಖಾಲಿ ಲೋಟಗಳನ್ನು ತಟ್ಟೆಗೆ ಜೋಡಿಸಿಕೊಂಡು ಒಳಗೆ ಹೋದಳು.