ಪುಣೆಯ ಕಿವಿಗೆ ಗೊತ್ತಿರುವ ಜಾಝ್

ಸ್ಯಾಕ್ಸೊಫೋನ್, ಪಿಯಾನೊ, ಡಬಲ್ ಬೇಸ್, ಡ್ರಮ್ಸ್ ಹಿಡಿದ ನಾಲ್ವರು ಪಳಗಿದ ಕಲಾವಿದರು 1930ರ ದಶಕದ ಅಮೆರಿಕನ್ ನಾಟಕದ ಹಾಡೊಂದನ್ನೇ ಮತ್ತೆ ನುಡಿಸಿದರೆ ಅದರಲ್ಲಿ ಹೊಸತೇನಿದೆ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯನ್ನು ಪುಣೆಯಲ್ಲಂತೂ ಕೇಳಬಾರದು. ಗದಗ ಸೀಮೆಯ ಭೀಮಸೇನ ಜೋಶಿಯವರು ಗುರು ಸವಾಯಿ ಗಂಧರ್ವರ ನೆನಪಿಗೆ 1953ರಲ್ಲಿ ಇಲ್ಲಿ ಶುರುಮಾಡಿದ ಉತ್ಸವಕ್ಕೆ ಜನ ಡಿಸೆಂಬರ್ ಚಳಿಯಲ್ಲಿ ಶಾಲು ಹೊದ್ದು ಬರುತ್ತಾರೆ. ಹತ್ತಾರು ಸಲ ಕೇಳಿದ ರಾಗ, ಬಾಯಿಪಾಠವಾದ ಬಂದಿಶ್‌ನ ಅದೇ ಎರಡು ಸಾಲು ಈ ಸಲ ತಾಳದ ಸಮ್‌ಗೆ ಹೇಗೆ ಬಂದು ಕೂರುತ್ತದೆ ಎಂಬ ಕುತೂಹಲವೇ ಅವರನ್ನು ಕರೆತರುವುದು. ಜಾಝ್‌ನವರು ‘ಸ್ಟ್ಯಾಂಡರ್ಡ್’ ಎನ್ನುವುದೂ ಇಂಥದೇ ಚೀಜ್. ಮೂವತ್ತೆರಡು ಬಾರ್‌ಗಳ ಆವರ್ತನ ಮುಗಿದು ಮೊದಲಿಗೆ ಮರಳುವ ಗಳಿಗೆಯಲ್ಲಿ ಕೇಳುಗನ ತೊಡೆಯ ಮೇಲಿನ ಕೈ ತಾನಾಗಿ ಬೀಳುತ್ತದೆ.

ಹಳೆಯ ಹಾಡಿನ ಮೇಲೆ ಹೊಸದನ್ನು ಕಟ್ಟುವುದರೊಡನೆ ಪುಣೆಗೆ ಈ ಉತ್ಸವಕ್ಕಿಂತ ಹಳೆಯ ನಂಟೊಂದಿದೆ, ನನಗೆ ಹೆಚ್ಚು ರುಚಿಸುವುದು ಅದೇ. ಬೆಳಗಾವಿ ಸೀಮೆಯ ಗುರ್ಲಹೊಸೂರಿನ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಪುಣೆಯಲ್ಲಿ ‘ಸಂಗೀತ ಶಾಕುಂತಲ’ ಆಡಿಸಿದರು; ತಮ್ಮ ನಾಟಕಗಳ ಪದಗಳಿಗೆ ಕನ್ನಡದ ಧಾಟಿಗಳನ್ನೂ ಎತ್ತಿಕೊಂಡರು. ಮರಾಠಿ ನಾಟಕದ ಪುಸ್ತಕದಲ್ಲಿ ಪದದ ನೆತ್ತಿಯ ಮೇಲೆ ‘ಚಾಲ್’ ಎಂದು ಮೂಲ ಹಾಡನ್ನು ಹೆಸರಿಸುತ್ತಾರೆ. ನಮ್ಮ ಕಂಪನಿ ನಾಟಕಗಳಲ್ಲಿ ಅದೇ ಜಾಗದಲ್ಲಿ ‘ಎಂಬ ಮಟ್ಟು’ ಎಂದಿರುತ್ತದೆ. ಜಾಝ್‌ನಲ್ಲಿ ಚಾರ್ಲಿ ಪಾರ್ಕರ್ ನುಡಿಸುತ್ತಿದ್ದ ‘ಆರ್ನಿಥಾಲಜಿ’ಯ ನೆತ್ತಿಯ ಮೇಲೂ ‘ಹೌ ಹೈ ದ ಮೂನ್ ಎಂಬ ಮಟ್ಟು’ ಎಂದು ಬರೆಯಬಹುದಿತ್ತು. ಗರ್ಷ್ವಿನ್‌ರ 1930ರ ‘ಐ ಗಾಟ್ ರಿದಮ್’ ಮೇಲಂತೂ ಎಷ್ಟು ರಚನೆಗಳು ಹುಟ್ಟಿದವೋ! ವ್ಯತ್ಯಾಸ ಒಂದೇ: ನಮ್ಮಲ್ಲಿ ಧಾಟಿ ಉಳಿದು ಮಾತು ಬದಲಾಗುತ್ತದೆ, ಅಲ್ಲಿ ಕಾರ್ಡ್‌ಗಳ, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ, ಸಾಲು ಉಳಿದು ಧಾಟಿಯೇ ಬದಲಾಗುತ್ತದೆ.

ಈ ಕಾರ್ಡ್‌ಗಳನ್ನೇ ಮುಂದಿಟ್ಟು ಆಕ್ಷೇಪ ಎತ್ತುವವರಿದ್ದಾರೆ. ರಾಗದಲ್ಲಿ ಷಡ್ಜ ಅಲುಗುವುದಿಲ್ಲ, ಜಾಝ್‌ನಲ್ಲಿ ಕಾರ್ಡ್ ಸರಿದಂತೆ ನೆಲವೇ ಸರಿಯುತ್ತದೆ; ಬಂದಿಶ್‌ನ ಕಿವಿ ಅಲ್ಲಿ ಕೆಲಸಕ್ಕೆ ಬರುವುದಿಲ್ಲ ಎನ್ನುತ್ತಾರೆ. ಮಾತು ಅರ್ಧ ನಿಜ. ಆ ಓಟ ಹಿಡಿಯಲು ಬೇಸ್‌ನ ಬೆನ್ನು ಹತ್ತಬೇಕು, ಅದು ಅಭ್ಯಾಸದಿಂದಲೇ ಬರುವಂಥದು. ಆದರೆ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಅವರ ಕ್ವಾರ್ಟೆಟ್ 1960ರ ಅಕ್ಟೋಬರ್‌ನಲ್ಲಿ ‘ಮೈ ಫೇವರಿಟ್ ಥಿಂಗ್ಸ್’ ಧ್ವನಿಮುದ್ರಿಸಿದಾಗ ಮಾಡಿದ್ದನ್ನು ಗಮನಿಸಿ. ನಾಟಕದ ಆ ಪುಟ್ಟ ಹಾಡಿನ ಕಾರ್ಡ್‌ಗಳ ಓಟವನ್ನು ಸೋಲೊ ಬಂದಾಗ ಬದಿಗಿಟ್ಟರು. ಮಕಾಯ್ ಟೈನರ್ ಪಿಯಾನೊದಲ್ಲಿ ಒಂದೆರಡು ಕಾರ್ಡ್‌ಗಳನ್ನೇ ತಂಬೂರಿಯ ಹಾಗೆ ಮೀಟುತ್ತ ಕೂತರು, ಅದರ ಮೇಲೆ ಸೊಪ್ರಾನೊ ಸ್ಯಾಕ್ಸೊಫೋನ್ ಬಿಡಿಸಿಕೊಳ್ಳುತ್ತ ಹೋಯಿತು. ಹದಿನಾಲ್ಕು ನಿಮಿಷ ಹತ್ತಿರ ಹತ್ತಿರ. ಅದೇ ಹಾಡನ್ನು ಕೋಲ್ಟ್ರೇನ್ ಕೊನೆಯವರೆಗೂ ಬಿಡಲಿಲ್ಲ. 1966ರ ಜುಲೈನಲ್ಲಿ, ಬೇರೆ ಜೊತೆಗಾರರೊಡನೆ, ಟೋಕಿಯೊದಲ್ಲಿ ನುಡಿಸಿದ್ದು ಸುಮಾರು ಐವತ್ತೇಳು ನಿಮಿಷ. ಅಲ್ಲಿ ಹಾಡು ತಕ್ಷಣ ಸಿಗುವುದಿಲ್ಲ. ಮೊದಲು ಜಿಮ್ಮಿ ಗ್ಯಾರಿಸನ್ ಒಬ್ಬರೇ ಬೇಸ್ ಹಿಡಿದು, ಬಹಳ ಹೊತ್ತು, ಆಲಾಪಕ್ಕೆ ಕೂತವರ ಹಾಗೆ ನುಡಿಸುತ್ತಾರೆ.