ಜೇಬಿನಾಗ ಮೊಬೈಲ್ ಇದ್ರೂ ಮನೆಗೊಂದು ‘ಬ್ಯಾಟರಿ’ ಯಾಕೆ ಬೇಕು?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)



ಇವತ್ತಿನ ವಿಷಯ ಎಲ್‌ಇಡಿ ಟಾರ್ಚ್. ನಮ್ಮ ಬಾಗಲಕೋಟೆ ಕಡೆ ಇದಕ್ಕ ‘ಬ್ಯಾಟರಿ’ ಅಂತಾರ, ಒಳಗ ಹಾಕೋದಕ್ಕ ‘ಸೆಲ್’. ಟಾರ್ಚಿನ ಹುಚ್ಚು ಇರೋರು ಲ್ಯೂಮೆನ್, ಕ್ಯಾಂಡೆಲಾ ಅಂತ ಗಂಟೆಗಟ್ಟಲೆ ಮಾತಾಡ್ತಾರೆ. ಆದರೆ ಟಾರ್ಚ್ ನಿಜವಾಗಿ ಬೇಕಾಗಿರೋದು ರಾತ್ರಿ ಹೊಲಕ್ಕೆ ನೀರು ಹಾಯಿಸೋಕೆ ಹೋಗೋ ಅಪ್ಪನಿಗೆ, ನಸುಕಿನಲ್ಲಿ ಹಿತ್ತಲಿಗೆ ಹೋಗೋ ಅಜ್ಜಿಗೆ. ಅವರಿಗೆ ಎಂಥದ್ದು ಕೊಡಿಸಬೇಕು ಅನ್ನೋದನ್ನ ಇವತ್ತು ನೋಡೋಣ.

ಮೊಬೈಲ್ ಬೆಳಕು ಯಾಕೆ ಸಾಲಲ್ಲ?

ಮೊಬೈಲಿನ ಎಲ್‌ಇಡಿ ಮುಂದೆ ಬೆಳಕನ್ನ ದೂರಕ್ಕೆ ಕಳಿಸೋ ಬಟ್ಟಲು ಇರಲ್ಲ. ಬೆಳಕು ಸುತ್ತಲೂ ಹರಡಿ ನಾಲ್ಕೈದು ಹೆಜ್ಜೆಗೇ ತೆಳುವಾಗುತ್ತದೆ. ಟಾರ್ಚಿನ ಒಳಗಿರೋ ಹೊಳೆಯುವ ಬಟ್ಟಲು ಅದೇ ಬೆಳಕನ್ನ ಒಟ್ಟುಗೂಡಿಸಿ ಮುಂದಕ್ಕೆ ಕಳಿಸುತ್ತದೆ.

ಇದು ಯಾಕೆ ಮುಖ್ಯ? ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟ್ ಪಾಳಿ ಪ್ರಕಾರ ಬರತೈತಿ. ರಾತ್ರಿ ಪಾಳಿ ಬಂದ್ರೆ ರಾತ್ರಿಯೇ ಬದುವಿನ ಮೇಲೆ ನಡೀಬೇಕು. ಮಣ್ಣಿನ ಬಣ್ಣದ್ದೇ ಕೊಳಕುಮಂಡಲ ದಾರಿಯಲ್ಲಿ ಬಿದ್ದಿದ್ದರೆ ಎರಡು ಹೆಜ್ಜೆ ಮೊದಲೇ ಕಾಣಬೇಕು. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ ಜನ ಅಂತ 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಂದಾಜು ಮಾಡಿದೆ. ಹೆಚ್ಚಿನವರು ಹಳ್ಳಿಯವರು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆರೋಗ್ಯ ಇಲಾಖೆಗೆ ವರದಿ ಮಾಡಲೇಬೇಕು ಅಂತ ಆದೇಶಿಸಿತು.

ಇನ್ನೊಂದು ಮಾತು. ಏನಾದರೂ ಆದರೆ 108ಕ್ಕೆ ಫೋನ್ ಮಾಡಬೇಕು. ಟಾರ್ಚಿಗೇ ಚಾರ್ಜೆಲ್ಲ ಖರ್ಚಾಗಿದ್ದರೆ ಫೋನ್ ಮಾಡೋದು ಯಾವುದರಿಂದ? ಬೆಳಕಿಗೆ ಟಾರ್ಚ್, ಮಾತಿಗೆ ಮೊಬೈಲ್. ಎರಡನ್ನೂ ಬೇರೆ ಇಡ್ರಿ.

ಡಬ್ಬಿ ಮೇಲಿನ ಲೆಕ್ಕ ಓದೋದು ಹೇಗೆ?

ಮೊದಲನೆಯದು ಲ್ಯೂಮೆನ್. ವ್ಯಾಟ್ ಅಂದ್ರೆ ಎಷ್ಟು ಕರೆಂಟ್ ತಿಂತೈತಿ ಅನ್ನೋ ಲೆಕ್ಕ, ಲ್ಯೂಮೆನ್ ಅಂದ್ರೆ ಎಷ್ಟು ಬೆಳಕು ಕೊಡತೈತಿ ಅನ್ನೋ ಲೆಕ್ಕ. ನೀವು ನೋಡಬೇಕಾದ್ದು ಲ್ಯೂಮೆನ್. ಮನೆ, ಓಣಿಗೆ 100 ಸಾಕು. ಹೊಲದ ದಾರಿಗೆ 200ರಿಂದ 300 ಇದ್ದರೆ ಧಾರಾಳ. ಸಾವಿರಗಟ್ಟಲೆ ಲ್ಯೂಮೆನ್ ಅನ್ನೋ ಸಣ್ಣ ಟಾರ್ಚುಗಳು ಕೆಲವೇ ನಿಮಿಷದಲ್ಲಿ ಕಾದು, ಬೆಳಕನ್ನ ತಾವೇ ಇಳಿಸಿಕೊಳ್ಳುತ್ತವೆ.

ಎರಡನೆಯದು ಮೀಟರ್. ಅಮೆರಿಕದಲ್ಲಿ 2009ರಲ್ಲಿ ರೂಪುಗೊಂಡ ಎಫ್‌ಎಲ್1 ಮಾನದಂಡದ ಪ್ರಕಾರ ‘200 ಮೀಟರ್’ ಅಂದ್ರೆ, ಅಷ್ಟು ದೂರದಲ್ಲಿ ಬೆಳಕು 0.25 ಲಕ್ಸ್ ಇರತೈತಿ. ಅದು ಹೆಚ್ಚುಕಡಿಮೆ ಹುಣ್ಣಿಮೆ ಬೆಳದಿಂಗಳಿನಷ್ಟು. ಬಾದಾಮಿ ಬನಶಂಕರಿ ಜಾತ್ರೆಗೆ ಬನದ ಹುಣ್ಣಿಮೆ ರಾತ್ರಿ ನಡೆದು ಹೋದವರಿಗೆ ಆ ಬೆಳಕು ಗೊತ್ತು. ದಾರಿ ಕಾಣತೈತಿ, ದಾರಿಯೊಳಗೆ ಬಿದ್ದಿರೋದು ಹಗ್ಗವೋ ಹಾವೋ ಗೊತ್ತಾಗಲ್ಲ. ಅರ್ಧ ದೂರಕ್ಕೆ ಬಂದರೆ ಬೆಳಕು ನಾಲ್ಕು ಪಟ್ಟಾಗುತ್ತದೆ. ಅದಕ್ಕೇ ಡಬ್ಬಿ ಮೇಲಿನ ಮೀಟರನ್ನ ಅರ್ಧ ಮಾಡಿ ಓದ್ರಿ.

ಮೂರನೆಯದು ಸೆಲ್. ಅಗ್ಗದ ಚಾರ್ಜಿಂಗ್ ಟಾರ್ಚುಗಳಲ್ಲಿ ಇನ್ನೂ ಲೆಡ್ ಆಸಿಡ್ ಬ್ಯಾಟರಿ ಸಿಗುತ್ತದೆ. ಅದನ್ನ ಚಾರ್ಜ್ ಮಾಡದೆ ತಿಂಗಳುಗಟ್ಟಲೆ ಮೂಲೆಯಲ್ಲಿಟ್ಟರೆ ಕೆಟ್ಟು ಹೋಗುತ್ತದೆ. ಲಿಥಿಯಂ ಅಯಾನ್ ಸೆಲ್ ಇದ್ದು, ಮೊಬೈಲಿನ ಟೈಪ್ ಸಿ ಚಾರ್ಜರಿನಿಂದಲೇ ಚಾರ್ಜ್ ಆಗುವಂಥದ್ದು ಅನುಕೂಲ. ಲಿಥಿಯಂ ಸೆಲ್‌ಗಳಲ್ಲಿ ಹೆಚ್ಚು ಬಳಕೆಯಲ್ಲಿರೋದು 18650. 18 ಅಂದ್ರೆ ಮಿಲಿಮೀಟರಿನಲ್ಲಿ ದಪ್ಪ, 65 ಅಂದ್ರೆ ಉದ್ದ. ಒಳ್ಳೆ ಕಂಪನಿಯ ಸೆಲ್ ಸಾಮಾನ್ಯವಾಗಿ 3500 ಎಂಎಎಚ್ ಆಸುಪಾಸು ಇರುತ್ತದೆ. ಅದೇ ಅಳತೆಯ ಸೆಲ್ ಮೇಲೆ 9900 ಅಂತ ಬರೆದಿದ್ದರೆ ಅದು ಸುಳ್ಳು, ಮುಟ್ಟಬೇಡ್ರಿ.

ನಾಲ್ಕನೆಯದು ನೀರು. ಐಪಿಎಕ್ಸ್4 ಅಂದ್ರೆ ಸಿಡಿಯುವ ನೀರು ತಡೀತದೆ. ಐಪಿ67 ಅಂದ್ರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಬಿದ್ದರೂ ತಡೀತದೆ. ಕಾಲುವೆ ಪಕ್ಕ ಕೆಲಸ ಮಾಡೋರಿಗೆ ಎರಡನೆಯದು ಚಲೋ.

ಇಳಕಲ್ಲಿನ ಮಗ್ಗಕ್ಕೆ ಬೇರೆ ಲೆಕ್ಕ

ಬಿಳಿ ಎಲ್‌ಇಡಿ ಅನ್ನೋದು ಹೆಚ್ಚಾಗಿ ನೀಲಿ ಎಲ್‌ಇಡಿ. ಮೇಲೆ ಹಳದಿ ಲೇಪನ ಬಳಿದು ಬಿಳಿ ಕಾಣೋ ಹಾಗೆ ಮಾಡಿರ್ತಾರೆ. ಆ ನೀಲಿ ಎಲ್‌ಇಡಿ ಮಾಡಿದ್ದಕ್ಕೇ ಅಕಾಸಾಕಿ, ಅಮಾನೊ, ನಕಮುರಾ ಅವರಿಗೆ 2014ರ ಭೌತಶಾಸ್ತ್ರ ನೊಬೆಲ್ ಬಂತು. ಆದರೆ ಅಗ್ಗದ ಎಲ್‌ಇಡಿ ಬೆಳಕಿನಲ್ಲಿ ಕೆಂಪು ಕಡಿಮೆ. ಹೊಲದ ದಾರಿಗೆ ಅದರಿಂದ ಅಷ್ಟೇನೂ ತೊಂದರೆ ಇಲ್ಲ. ಇಳಕಲ್ ಸೀರೆ ನೇಯೋರಿಗೆ ಮಾತ್ರ ತೊಂದರೆ. ಕರೆಂಟ್ ಹೋದಾಗ ಹರಿದ ಎಳೆ ಹುಡುಕುವಾಗ, ಸೆರಗಿನ ಕೆಂಪು ಯಾವ ಕೆಂಪು ಅಂತ ಕಾಣಬೇಕಲ್ಲ? ಅಂಥವರು ಡಬ್ಬಿ ಮೇಲೆ ಸಿಆರ್‌ಐ 90ಕ್ಕಿಂತ ಹೆಚ್ಚು, ಬಣ್ಣ 4000ದಿಂದ 5000 ಕೆಲ್ವಿನ್ ಅಂತ ಇರೋದನ್ನ ನೋಡ್ರಿ. 6500 ಕೆಲ್ವಿನ್ ಅಂದ್ರೆ ನೀಲಿ ಛಾಯೆ.

ಮನೆಯವರಿಗೆ ಹೇಳೋದು ಹೇಗೆ?

ಅಪ್ಪನ ಮುಂದೆ ಕೂತು ಲ್ಯೂಮೆನ್ ಪಾಠ ಮಾಡಬೇಡ್ರಿ. ಕತ್ತಲಾದ ಮೇಲೆ ಹೊರಗೆ ಕರಕೊಂಡು ಹೋಗಿ, ಒಂದು ಕೈಯಾಗ ಮೊಬೈಲ್, ಇನ್ನೊಂದು ಕೈಯಾಗ ಟಾರ್ಚ್ ಹಿಡಿದು ಇಪ್ಪತ್ತು ಹೆಜ್ಜೆ ದೂರದ ಕಲ್ಲು ತೋರಿಸ್ರಿ. ಅಷ್ಟೇ ಸಾಕು.

ಕೊಳ್ಳುವಾಗ ಗುಂಡಿಯನ್ನೂ ನೋಡ್ರಿ. ಒಮ್ಮೆ ಒತ್ತಿದರೆ ಹತ್ತಬೇಕು, ಮತ್ತೆ ಒತ್ತಿದರೆ ಆರಬೇಕು. ಮೂರು ಸಲ ಒತ್ತಿದರೆ ಮಿಣಮಿಣ, ಐದು ಸಲ ಒತ್ತಿದರೆ ಇನ್ನೇನೋ, ಇಂಥದ್ದು ಅಜ್ಜಿ ಕೈಗೆ ಬೇಡ. ಟಾರ್ಚಿಗೆ ಬಾಗಿಲ ಹತ್ತಿರ ಒಂದು ಮೊಳೆ ಹೊಡೀರಿ. ಕತ್ತಲಾಗ ಹುಡುಕಾಡೋ ಹಾಗೆ ಇರಬಾರದು.

ಬೆಳಕಿದ್ದರೂ ಹಾವು ಕಡಿಯಬಹುದು, ಆದ್ದರಿಂದ ಕೊನೆಗೆ ಇದನ್ನ ನೆನಪಿಡ್ರಿ. ಗಾಯ ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ, ಮಂತ್ರ ಹಾಕೋರ ಹತ್ತಿರ ಹೊತ್ತು ಕಳೀಬೇಡಿ. ಕಡಿದ ಕೈಕಾಲು ಅಲ್ಲಾಡಿಸದೆ ನೇರ ಆಸ್ಪತ್ರೆಗೆ ಹೋಗಿ.

ನಿಮ್ಮ ಮನೆಯಲ್ಲಿ ರಾತ್ರಿ ಹೊಲಕ್ಕೆ ಹೋಗೋರು ಯಾರು, ಅವರ ಕೈಯಾಗ ಎಂಥ ಬ್ಯಾಟರಿ ಐತಿ? ನಮಗೆ ವಾಯ್ಸ್ ಮೆಸೇಜ್ ಕಳಿಸ್ರಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ, ಬರ್ಲಾ?