ವರ್ಷದ ಲೆಕ್ಕ, ಗಂಟೆಯ ಲೆಕ್ಕ

ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ದಕ್ಷಿಣದ ಅಂಚಿನಲ್ಲಿ, ಹಳೆಯ ಉಪ್ಪಿನ ಮಡಿಗಳೂ ಜವುಗು ನೆಲವೂ ಕೂಡುವ ಮೌಂಟನ್ ವ್ಯೂ ಎಂಬ ಪಟ್ಟಣದ ಬದಿಗೆ, ಗೂಗಲ್ ಸಂಸ್ಥೆಯು 2022ರ ಮೇ ತಿಂಗಳಿನಲ್ಲಿ ಬೇ ವ್ಯೂ ಎಂಬ ಹೊಸ ಕಾರ್ಯಾಲಯವನ್ನು ತೆರೆಯಿತು. ಅದರ ವಿಶಾಲವಾದ ಛಾವಣಿಯನ್ನು ಆವರಿಸಿರುವ ಬೆಳ್ಳಿಯ ಬಣ್ಣದ ಸೌರಫಲಕಗಳು ನೋಡುವವರ ಕಣ್ಣನ್ನು ಸೆಳೆಯತಕ್ಕವೇ ಸರಿ. ಆದರೆ ಅಲ್ಲಿ ನಡೆಯುತ್ತಿರುವ ಕಾರ್ಯದ ಮಹತ್ತ್ವದ ಭಾಗವೊಂದು ಕಣ್ಣಿಗೆ ಕಾಣದಂತೆ ನೆಲದೊಳಗೆ ಅಡಗಿದೆ. ಅಡಿಪಾಯಕ್ಕೆಂದು ಭೂಮಿಗೆ ಇಳಿಸಿದ ಕಂಬಗಳೊಳಗೇ ಕೊಳವೆಗಳನ್ನು ಹುದುಗಿಸಿ, ಬೇಸಗೆಯಲ್ಲಿ ಕಟ್ಟಡದ ಉಷ್ಣವನ್ನು ಮಣ್ಣಿಗೆ ಇಳಿಸುವ, ಚಳಿಗಾಲದಲ್ಲಿ ಅದೇ ಮಣ್ಣಿನಿಂದ ಬೆಚ್ಚಗಿನ ಶಾಖವನ್ನು ಮೇಲಕ್ಕೆ ತರುವ ಏರ್ಪಾಡು ಅದು. ಅಡುಗೆಮನೆಗಳಲ್ಲಿಯೂ ಅನಿಲದ ಉರಿಯಿಲ್ಲ, ಬೇಯಿಸುವುದೆಲ್ಲ ವಿದ್ಯುತ್ತಿನಿಂದಲೇ.

ಇಂತಹ ಪ್ರಯತ್ನಕ್ಕೆ ಆ ನೆಲವೇ ಒಂದು ಕಾರಣವನ್ನು ಒದಗಿಸುತ್ತದೆ. ಕೊಲ್ಲಿಯ ಬಾಯಲ್ಲಿ, ಗೋಲ್ಡನ್ ಗೇಟ್ ಬಳಿ, 1854ರಿಂದ ಸಮುದ್ರದ ಮಟ್ಟವನ್ನು ಅಳೆಯುತ್ತ ಬಂದಿದ್ದಾರೆ. ಕಳೆದ ಶತಮಾನದಲ್ಲಿ ನೀರು ಸುಮಾರು 20 ಸೆಂಟಿಮೀಟರ್ ಏರಿತೆಂದು ಆ ದಾಖಲೆ ಹೇಳುತ್ತದೆ. ತಗ್ಗಿನ ದಡದಲ್ಲಿ ನೆಲೆಯೂರಿದ ಉದ್ಯಮಗಳಿಗೆ ವಾಯುಮಂಡಲದಲ್ಲಿ ಸಂಚಯವಾಗಿ ಭೂಮಿಯನ್ನು ಬಿಸಿಮಾಡಿ ಸಮುದ್ರವನ್ನು ಏರಿಸುತ್ತಿರುವ ಇಂಗಾಲವು ದೂರದ ವಿಷಯವಾಗಿ ಉಳಿದಿಲ್ಲ.

ಹಾಗಾದರೆ ಒಂದು ಬೃಹತ್ಸಂಸ್ಥೆ ತನ್ನ ಇಂಗಾಲವನ್ನು ಎಣಿಸುವುದು ಹೇಗೆ, ಇಳಿಸುವುದು ಹೇಗೆ? ಜಗತ್ತಿನ ಬಹುತೇಕ ಉದ್ಯಮಗಳು ಅನುಸರಿಸುವ, 2001ರಲ್ಲಿ ಮೊದಲು ಪ್ರಕಟವಾದ ಲೆಕ್ಕಪದ್ಧತಿಯೊಂದು ಈ ಹೊರೆಯನ್ನು ‘ಸ್ಕೋಪ್’ ಎಂಬ ಹೆಸರಿನ ಮೂರು ಬಾಬುಗಳಾಗಿ ವಿಂಗಡಿಸುತ್ತದೆ. ಸಂಸ್ಥೆಯು ತಾನೇ ಸುಡುವ ಅನಿಲ, ಡೀಸೆಲ್, ತಂಪುಯಂತ್ರಗಳಿಂದ ಸೋರುವ ಅನಿಲ ಇವು ಮೊದಲನೆಯದು. ಕೊಂಡುಕೊಂಡ ವಿದ್ಯುತ್ತನ್ನು ಉತ್ಪಾದಿಸುವಾಗ ಬೇರೆಡೆ ಎದ್ದ ಹೊಗೆ ಎರಡನೆಯದು. ಸಿಮೆಂಟು, ಉಕ್ಕು, ಯಂತ್ರಗಳನ್ನು ಮಾಡಿಕೊಟ್ಟವರ ಹೊಗೆಯೂ ನೌಕರರ ಪ್ರಯಾಣವೂ ಮೂರನೆಯದು. 2023ರಲ್ಲಿ ಗೂಗಲ್ಲಿನ ಒಟ್ಟು ಹೊರೆಯಲ್ಲಿ ಮೊದಲನೆಯದು ನೂರಕ್ಕೆ ಸುಮಾರು 1 ಪಾಲು, ಎರಡನೆಯದು 24, ಮೂರನೆಯದು 75 ಆಗಿತ್ತು. ಸ್ವಂತ ಕಾರ್ಯಗಳೆಂದು ಹೇಳಬಹುದಾದವು ಮೊದಲೆರಡು. ಅವುಗಳಲ್ಲಿ ವಿದ್ಯುತ್ತೇ ಪ್ರಧಾನ.

ಈ ವಿದ್ಯುತ್ತಿನ ಬಹುಭಾಗ ವ್ಯಯವಾಗುವುದು ಕೊಲ್ಲಿಯ ತೀರದಲ್ಲಲ್ಲ. ಆರೆಗನ್ ರಾಜ್ಯದಲ್ಲಿ ಕೊಲಂಬಿಯಾ ನದಿಯ ದಡದ ದ ಡ್ಯಾಲ್ಸ್, ಅಯೋವಾದ ಕೌನ್ಸಿಲ್ ಬ್ಲಫ್ಸ್ ಮುಂತಾದ ಊರುಗಳಲ್ಲಿರುವ ಡೇಟಾ ಸೆಂಟರುಗಳೊಳಗೆ ಹಗಲಿರುಳೆನ್ನದೆ ದುಡಿಯುವ ಗಣಕಗಳು ಅದನ್ನು ಬೇಡುತ್ತವೆ. ಅಲ್ಲಿ ಮೊದಲ ಕರ್ತವ್ಯ ಮಿತವ್ಯಯ. ಗಣಕಗಳಿಗೆ ನೂರು ಯೂನಿಟ್ಟು ಕೊಟ್ಟರೆ ಅವುಗಳನ್ನು ತಂಪಾಗಿಡುವುದು ಮೊದಲಾದ ಉಪಚಾರಗಳಿಗೆ ಈ ಉದ್ಯಮದ ಸರಾಸರಿಯಂತೆ ಇನ್ನೂ ಐವತ್ತಕ್ಕಿಂತ ಹೆಚ್ಚು ಯೂನಿಟ್ಟು ಬೇಕಾಗುವಲ್ಲಿ, 2023ರಲ್ಲಿ ಗೂಗಲ್ಲಿಗೆ ಸುಮಾರು ಹತ್ತು ಮಾತ್ರ ಸಾಕಾಯಿತು. ತಂಪುಯಂತ್ರಗಳ ಹದವನ್ನು ಕೃತಕ ಬುದ್ಧಿಮತ್ತೆಯ ಸಲಹೆಯಂತೆ ತಿದ್ದಿ, ತಂಪಿಗೆ ತಗಲುವ ಶಕ್ತಿಯಲ್ಲಿ ಪ್ರತಿಶತ 40ರಷ್ಟನ್ನು ಉಳಿಸಿದ ಪ್ರಯೋಗವು 2016ರಲ್ಲಿ ಪ್ರಕಟವಾಯಿತು. ಉಪಯೋಗಿಸದೆ ಬಿಟ್ಟ ಯೂನಿಟ್ಟಿಗಿಂತ ಶುದ್ಧವಾದ ಯೂನಿಟ್ಟು ಬೇರೊಂದಿಲ್ಲ.

ಎರಡನೆಯ ಕರ್ತವ್ಯ, ಅಗತ್ಯವಾಗಿ ಬೇಕಾದುದನ್ನು ಶುದ್ಧಮೂಲದಿಂದ ಪಡೆಯುವುದು. ಸಂಸ್ಥೆಯು 2007ರಿಂದ ಅನ್ಯರು ಇಳಿಸಿದ ಇಂಗಾಲಕ್ಕೆ ಹಣ ತೆತ್ತು ತನ್ನದನ್ನು ಸರಿದೂಗಿಸುತ್ತಿತ್ತು. 2010ರಲ್ಲಿ ಅದು ಅಯೋವಾದ 114 ಮೆಗಾವಾಟಿನ ಗಾಳಿಸ್ಥಾವರವೊಂದರ ಸಮಸ್ತ ವಿದ್ಯುತ್ತನ್ನು ಇಪ್ಪತ್ತು ವರ್ಷಗಳ ಕಾಲ ಕೊಳ್ಳುವ ಕರಾರಿಗೆ ಸಹಿ ಹಾಕಿತು. ಅಷ್ಟು ದೀರ್ಘಕಾಲ ಕೊಳ್ಳುವವರು ನಿಶ್ಚಿತವಾಗಿದ್ದರೆ ಹೊಸ ಸ್ಥಾವರ ಕಟ್ಟುವವರಿಗೆ ಸಾಲ ಹುಟ್ಟುತ್ತದೆ. ಇಂತಹ ಕರಾರಿನ ನಿಜವಾದ ಪ್ರಯೋಜನವಿರುವುದು ಇಲ್ಲಿಯೇ. 2017ರ ಹೊತ್ತಿಗೆ ಸಂಸ್ಥೆಯು ವರ್ಷವಿಡೀ ಬಳಸಿದಷ್ಟೇ ಪ್ರಮಾಣದ ಗಾಳಿ-ಬಿಸಿಲಿನ ವಿದ್ಯುತ್ತನ್ನು ಕೊಂಡು ಲೆಕ್ಕವನ್ನು ಸರಿಗಟ್ಟಿತು.

ಆದರೆ ವರ್ಷದ ಲೆಕ್ಕ ಸರಿಯಾದ ಮಾತ್ರಕ್ಕೆ ಹೊಗೆ ನಿಂತಿತೆಂದು ಭಾವಿಸಲಾಗದು. ಆಷಾಢದಲ್ಲಿ ಧಾರಾಳವಾಗಿ ಮಳೆ ಸುರಿದ ಊರಿನಲ್ಲಿ ಕೆರೆಯೇ ಇಲ್ಲದಿದ್ದರೆ, ವರ್ಷದ ಒಟ್ಟು ಮಳೆ ಎಷ್ಟೇ ಇರಲಿ, ಚೈತ್ರದ ಬಾಯಾರಿಕೆ ತಪ್ಪುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಮಧ್ಯಾಹ್ನ ಸೌರವಿದ್ಯುತ್ತು ಹೇರಳವಾಗಿ ಹರಿಯುತ್ತದೆ. ಸೂರ್ಯಾಸ್ತದೊಡನೆ ಅದು ಕುಸಿಯುತ್ತಲೂ ಮನೆಮನೆಯ ಬೇಡಿಕೆ ಏರುತ್ತಲೂ ಬಂದಾಗ ಅನಿಲದ ಸ್ಥಾವರಗಳು ಭರದಿಂದ ಉರಿಯತೊಡಗುತ್ತವೆ. ನಡುರಾತ್ರಿಯಲ್ಲಿ ದುಡಿಯುವ ಗಣಕಕ್ಕೆ ಮಧ್ಯಾಹ್ನದ ಬಿಸಿಲಿನ ರಸೀದಿಯಿಂದ ವಿದ್ಯುತ್ತು ದೊರೆಯಲಾರದು. ಇದನ್ನು ಗ್ರಹಿಸಿಯೇ ಗೂಗಲ್ 2020ರಲ್ಲಿ, 2030ರ ವೇಳೆಗೆ ತಾನು ಕಾರ್ಯ ನಡೆಸುವ ಪ್ರತಿಯೊಂದು ವಿದ್ಯುಜ್ಜಾಲದಲ್ಲಿಯೂ ಪ್ರತಿಯೊಂದು ಗಂಟೆಯೂ ಇಂಗಾಲರಹಿತ ವಿದ್ಯುತ್ತಿನಿಂದಲೇ ನಡೆಯುವುದಾಗಿ ಘೋಷಿಸಿತು. ಗಂಟೆಯ ಲೆಕ್ಕದಲ್ಲಿ 2023ರ ಸಾಧನೆ ಪ್ರತಿಶತ 64. ವರ್ಷದ ಲೆಕ್ಕದಲ್ಲಿ ಅದೇ ನೂರಕ್ಕೆ ನೂರು.

ಈ ಅಂತರವನ್ನು ತುಂಬುವ ಉಪಾಯಗಳು ಹಲವು. ತಡವಾದರೂ ಬಾಧಕವಿಲ್ಲದ ಗಣನಕಾರ್ಯಗಳನ್ನು ಬಿಸಿಲೂ ಗಾಳಿಯೂ ಸಮೃದ್ಧವಾಗಿರುವ ವೇಳೆಗೆ ಸರಿಸುವುದು ಒಂದು. ನೆವಾಡಾದಲ್ಲಿ ಭೂಗರ್ಭದ ಉಷ್ಣದಿಂದ ಹಗಲಿರುಳೂ ವಿದ್ಯುತ್ತು ಕೊಡುವ, 2023ರ ನವೆಂಬರಿನಲ್ಲಿ ಆರಂಭವಾದ ಸಣ್ಣ ಸ್ಥಾವರದಂತಹವನ್ನು ಪೋಷಿಸುವುದು ಇನ್ನೊಂದು. ಮಧ್ಯಾಹ್ನದ ವಿದ್ಯುತ್ತನ್ನು ಸಂಜೆಗೆ ಕೂಡಿಡುವುದು ಮತ್ತೊಂದು; ಅದಕ್ಕೆ ಬೇಕಾದ ಬ್ಯಾಟರಿಗಳ ಸಾಮರ್ಥ್ಯವು ಕ್ಯಾಲಿಫೋರ್ನಿಯಾದಲ್ಲಿ 2024ರ ವೇಳೆಗೆ 10,000 ಮೆಗಾವಾಟನ್ನು ದಾಟಿತ್ತು.

ಇಷ್ಟೆಲ್ಲ ಸಾಧನೆಯ ಜೊತೆಗೆ ಇನ್ನೊಂದು ಸತ್ಯವನ್ನೂ ಮರೆಮಾಚದೆ ಹೇಳಬೇಕು. 2019ರಿಂದ 2023ರೊಳಗೆ ಈ ಸಂಸ್ಥೆಯ ಒಟ್ಟು ಇಂಗಾಲ ಪ್ರತಿಶತ 48ರಷ್ಟು ಹೆಚ್ಚಿ, 1 ಕೋಟಿ 43 ಲಕ್ಷ ಟನ್ನುಗಳನ್ನು ಮುಟ್ಟಿತು. ಡೇಟಾ ಸೆಂಟರುಗಳ ವಿದ್ಯುತ್ತಿನ ಹಸಿವೂ ಯಂತ್ರ, ಕಟ್ಟಡಗಳನ್ನು ಒದಗಿಸುವವರ ಹೊಗೆಯೂ ಇದಕ್ಕೆ ಕಾರಣ. ಮರುವರ್ಷ ಡೇಟಾ ಸೆಂಟರುಗಳ ವಿದ್ಯುತ್ತಿನ ಬಳಕೆ ಪ್ರತಿಶತ 27 ಏರಿದರೂ ಆ ವಿದ್ಯುತ್ತಿನ ಇಂಗಾಲ ಪ್ರತಿಶತ 12 ಇಳಿಯಿತೆಂದು ಸಂಸ್ಥೆ ವರದಿ ಮಾಡಿತು. ಇದು ಭರವಸೆಯ ಮಾತು. ಆದರೂ ಕೃತಕ ಬುದ್ಧಿಮತ್ತೆಯ ಬೇಡಿಕೆ ಈ ವೇಗದಲ್ಲಿಯೇ ಬೆಳೆದರೆ ಮಿತವ್ಯಯದಿಂದ ಉಳಿಸಿದುದನ್ನು ವಿಸ್ತಾರವೇ ನುಂಗಿಬಿಡಬಹುದು. ಏರಿದ ಅಂಕಿಯನ್ನೂ ಇಳಿದ ಅಂಕಿಯನ್ನೂ ಸಾರ್ವಜನಿಕರ ಮುಂದಿಡುವ ಪ್ರಾಮಾಣಿಕತೆಯು ಸಂಸ್ಥೆಗಳ ಔದಾರ್ಯವನ್ನು ಅವಲಂಬಿಸಿರಬಾರದು. ಕ್ಯಾಲಿಫೋರ್ನಿಯಾ 2023ರಲ್ಲಿ, ವರ್ಷಕ್ಕೆ ನೂರು ಕೋಟಿ ಡಾಲರಿಗಿಂತ ಹೆಚ್ಚಿನ ವಹಿವಾಟುಳ್ಳ ಕಂಪನಿಗಳು ತಮ್ಮ ಇಂಗಾಲದ ಲೆಕ್ಕ ಒಪ್ಪಿಸಬೇಕೆಂದು ಶಾಸನ ಮಾಡಿದುದು ಆದುದರಿಂದಲೇ ಶ್ಲಾಘ್ಯ.

ಕನ್ನಡನಾಡಿಗೂ ಈ ವಿಚಾರ ಪ್ರಸ್ತುತವಾಗಿದೆ. ಪಾವಗಡದ ಸೌರ ಉದ್ಯಾನದ ಸಾಮರ್ಥ್ಯ 2,050 ಮೆಗಾವಾಟು. ಆದರೆ ಅಲ್ಲಿಯೂ ಸೂರ್ಯ ಸಂಜೆ ಮುಳುಗುತ್ತಾನೆ. ಹಗಲಿನಲ್ಲಿ ಬಿಸಿಲಿನಿಂದ ಕೆಲಸ ನಡೆಸಿ, ಶರಾವತಿ ನದಿಯ ಲಿಂಗನಮಕ್ಕಿ ಜಲಾಶಯದ ನೀರನ್ನು ಸಂಜೆಯ ಬೇಡಿಕೆಗೆಂದು ಉಳಿಸಿಕೊಳ್ಳುವ ಸಾಧ್ಯತೆ ನಮಗುಂಟು. ಇಂತಹ ಶೇಖರಣೆಯನ್ನು ಹೆಚ್ಚಿಸುವ ಹೊಸ ಯೋಜನೆಗಳಿಗಾಗಿ ಶರಾವತಿಯ ಕಾಡನ್ನು ಇನ್ನಷ್ಟು ಕಡಿಯಬೇಕೇ ಎಂಬ ಧರ್ಮಸಂಕಟವೂ ನಮ್ಮದೇ. ಬೆಂಗಳೂರಿನ ಉದ್ಯಮಗಳು ತಾವು ಹಸಿರಾದೆವೆಂದು ಸಾರುವಾಗ ನಾಗರಿಕರು ಕೇಳಬೇಕಾದುದು ಇಷ್ಟು: ನಿಮ್ಮ ಒಟ್ಟು ಬಳಕೆ ಎಷ್ಟು ಇಳಿಯಿತು, ಉಳಿದ ಬಳಕೆಯಲ್ಲಿ ಯಾವ ಗಂಟೆಗಳು ನಿಜವಾಗಿ ಶುದ್ಧವಾಗಿದ್ದುವು? ಈ ಪ್ರಶ್ನೆಗೆ ಅಂಕಿಗಳಿಂದ ಉತ್ತರ ಕೊಡುವ ಸಂಸ್ಥೆಯನ್ನು ಗೌರವಿಸೋಣ. ಕೊಡದಿರುವ ಸಂಸ್ಥೆಯಿಂದ ಆ ಲೆಕ್ಕವನ್ನು ಶಾಸನಬದ್ಧವಾಗಿ ಕೇಳುವ ಅಧಿಕಾರ ನಮ್ಮ ಜನಕ್ಕೂ ದೊರೆಯಬೇಕು.